‘ಸರ್ವರ್ ನಿರ್ವಹಣೆ’ ಅಂದರೆ ಯಾವ ಕೆಲಸ?

ಗೆಳೆಯರೇ,

ಕಂಪನಿಯ ಸರ್ವರ್, ನೆಟ್‌ವರ್ಕ್ ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ನಿರ್ವಹಣೆ’ ಅನ್ನುವ ಪದ ಪುಟಪುಟಕ್ಕೂ ತೊಡಕಾಗುತ್ತಿದೆ. ಅಡ್ಮಿನಿಸ್ಟ್ರೇಷನ್‌ಗೂ ನಿರ್ವಹಣೆ, ಮೇಂಟೆನೆನ್ಸ್‌ಗೂ ನಿರ್ವಹಣೆ. ಮೇಂಟೆನೆನ್ಸ್‌ಗೆ ಬೇರೆ ಪದ ಸಿಕ್ಕೀತಾ ಅನ್ನುವುದು ನನ್ನ ಪ್ರಶ್ನೆ.

ಎರಡೂ ಒಂದೇ ಕೆಲಸ ಅಲ್ಲ. ಯಾರಿಗೆ ಲಾಗಿನ್ ಕೊಡಬೇಕು, ಯಾವ ಫೋಲ್ಡರ್ ಯಾರಿಗೆ ಕಾಣಬೇಕು, ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್‌ನಲ್ಲಿ ಯಾವ ಪೋರ್ಟ್ (ಸಂಪರ್ಕದ ಬಾಗಿಲು) ತೆರೆದಿಡಬೇಕು, ಕೆಲಸ ಬಿಟ್ಟವರ ಅಕೌಂಟ್ ಯಾವತ್ತು ಮುಚ್ಚಬೇಕು – ಇವೆಲ್ಲ ಅಡ್ಮಿನ್ ಕೆಲಸ. ಇಲ್ಲಿ ಅಧಿಕಾರ ಇದೆ, ತೀರ್ಮಾನ ಇದೆ. ಪ್ಯಾಚ್ (ಸಾಫ್ಟ್‌ವೇರ್ ದೋಷ ಸರಿಮಾಡುವ ಅಪ್‌ಡೇಟ್) ಹಾಕುವುದು, ಫ್ಯಾನಿನ ಧೂಳು ತೆಗೆಯುವುದು, ಯುಪಿಎಸ್ ಬ್ಯಾಟರಿ ಪರೀಕ್ಷಿಸುವುದು, ಬ್ಯಾಕಪ್ ನಿಜಕ್ಕೂ ವಾಪಸ್ ಬರುತ್ತದಾ ಅಂತ ರಿಸ್ಟೋರ್ ಮಾಡಿ ನೋಡುವುದು – ಇವು ಮೇಂಟೆನೆನ್ಸ್. ಚಿಕ್ಕ ಆಫೀಸಿನಲ್ಲಿ ಎರಡನ್ನೂ ಒಬ್ಬರೇ ಮಾಡುತ್ತಾರೆ, ನಿಜ. ಆದರೂ ಕೆಲಸ ಬೇರೆ ಬೇರೆಯೇ.

ಒಂದೇ ಪದ ಇದ್ದರೆ ಏನು ತೊಂದರೆ? ಈ ನೋಟಿಸ್ ನೋಡಿ: ‘ಶನಿವಾರ ರಾತ್ರಿ 10ರಿಂದ 12ರವರೆಗೆ ಸರ್ವರ್ ನಿರ್ವಹಣೆ ಇರುತ್ತದೆ.’ ಓದಿದವರಿಗೆ ಬೇಕಾದದ್ದು ಒಂದೇ ಸಂಗತಿ. ಆ ಹೊತ್ತಿನಲ್ಲಿ ಸರ್ವರ್ ನಡೆಯುತ್ತದಾ, ನಿಲ್ಲುತ್ತದಾ? ಈ ವಾಕ್ಯದಲ್ಲಿ ಅದೇ ಇಲ್ಲ.

ಇನ್ನೂ ದೊಡ್ಡ ಉದಾಹರಣೆ ಕೊಡುತ್ತೇನೆ. ವಿಂಡೋಸ್‌ನ ಫೈಲ್ ಹಂಚಿಕೆ ಭಾಗದಲ್ಲಿದ್ದ ಒಂದು ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ಪ್ಯಾಚ್ ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳಾದ ಮೇಲೆ, ಮೇ 12ರಂದು, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಅದೇ ದೋಷ ಹಿಡಿದು ದೇಶದೇಶಗಳಿಗೆ ಹರಡಿತು. ಪ್ಯಾಚ್ ಹಾಕದ ಮಷಿನ್‌ಗಳು ಸಿಕ್ಕಿಬಿದ್ದವು. ಇದನ್ನು ಕನ್ನಡದಲ್ಲಿ ‘ನಿರ್ವಹಣೆಯ ಲೋಪ’ ಅಂತ ಬರೆದರೆ ಏನು ತಿಳಿಯುತ್ತದೆ? ಬಂದ ಪ್ಯಾಚನ್ನು ಹಾಕದೆ ಬಿಟ್ಟದ್ದು ಮೇಂಟೆನೆನ್ಸ್ ಲೋಪ. ಆ ಫೈಲ್ ಹಂಚಿಕೆಯ ಹಳೆಯ ಎಸ್‌ಎಂಬಿ 1 ಪ್ರೋಟೋಕಾಲನ್ನು ಆಫ್ ಮಾಡದೆ, ಅದು ಬಳಸುವ 445ನೇ ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಟ್ಟದ್ದು ಅಡ್ಮಿನ್ ಲೋಪ. ಮುಂದೆ ಏನು ಸರಿಮಾಡಬೇಕು ಅನ್ನುವುದು ಈ ವ್ಯತ್ಯಾಸದ ಮೇಲೇ ನಿಂತಿದೆ.

ಪದದ ಮೂಲ ಏನು ಹೇಳುತ್ತದೆ ಅಂತಲೂ ನೋಡಿದೆ. ಸಂಸ್ಕೃತದ ‘ನಿರ್ವಹ್’ ಅಂದರೆ ಹೊತ್ತು ಕೊನೆ ಮುಟ್ಟಿಸುವುದು. ಸಂಸ್ಕೃತ ನಾಟಕದ ಐದು ಸಂಧಿಗಳಲ್ಲಿ (ಕಥೆಯ ಘಟ್ಟಗಳಲ್ಲಿ) ಕೊನೆಯದರ ಹೆಸರೂ ‘ನಿರ್ವಹಣ’. ಕನ್ನಡದಲ್ಲೂ ಹೊಣೆ ನಿರ್ವಹಿಸು, ಪಾತ್ರ ನಿರ್ವಹಿಸು ಅನ್ನುತ್ತೇವೆ. ವಹಿಸಿಕೊಂಡದ್ದನ್ನು ಪೂರೈಸುವ ಅರ್ಥವೇ ಜಾಸ್ತಿ. ಹಾಗಾಗಿ ಅಡ್ಮಿನಿಸ್ಟ್ರೇಷನ್‌ಗೆ ಈ ಪದ ಇರಲಿ ಅನ್ನುವುದು ನನ್ನ ಅನಿಸಿಕೆ. ‘ನಿರ್ವಾಹಕ’ ಕೂಡ ಅದಕ್ಕೆ ಹೊಂದುತ್ತದೆ. (‘ಆಡಳಿತ’ ಬೇಡ. ಸರ್ವರ್ ಮುಂದೆ ಅದು ತೀರಾ ಭಾರ.) ಪ್ಯಾಚ್ ಹಾಕುವ ಕೆಲಸಕ್ಕಂತೂ ಕೊನೆ ಅನ್ನುವುದೇ ಇಲ್ಲ. ಅದಕ್ಕೇ ಬೇರೆ ಪದ ಬೇಕು.

‘ದುರಸ್ತಿ’ ಹಲವರಿಗೆ ಮೊದಲು ಹೊಳೆಯುತ್ತದೆ. ಆದರೆ ಕೆಟ್ಟ ಮೇಲೆ ಮಾಡುವುದು ದುರಸ್ತಿ. ರೇಡ್ 5ರಲ್ಲಿ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್ ಜೋಡಿಸುವ ವಿಧಾನ) ಒಂದು ಡಿಸ್ಕ್ ಹೋಯಿತು, ಅದರ ದೀಪ ಬಣ್ಣ ಬದಲಿಸಿತು, ಸರ್ವರ್ ಮಾತ್ರ ಓಡುತ್ತಲೇ ಇದೆ ಅಂದುಕೊಳ್ಳಿ. ಹೊಸ ಡಿಸ್ಕ್ ಹಾಕಿ ಡೇಟಾ ಮತ್ತೆ ತುಂಬಿಕೊಳ್ಳುವ ಮೊದಲೇ ಇನ್ನೊಂದು ಡಿಸ್ಕ್ ಹೋದರೆ ಎಲ್ಲ ಹೋದಂತೆ. ಆ ಡಿಸ್ಕ್ ಬದಲಿಸುವುದು ದುರಸ್ತಿ, ಸರಿ. ಏನೂ ಕೆಡದ ದಿನ ಮಾಡುವ ಅಪ್‌ಡೇಟ್‌ಗೆ ಆ ಹೆಸರು ಒಪ್ಪುವುದಿಲ್ಲ.

‘ಪಾಲನೆ’ ಚೆನ್ನಾಗಿದೆ, ಆದರೆ ‘ನಿಯಮ ಪಾಲನೆ’ ಜೊತೆ ಗೊಂದಲ. ಸೆಕ್ಯುರಿಟಿ ಅಧ್ಯಾಯದಲ್ಲಿ ಅದು ಬೇರೆಯೇ ಅರ್ಥದಲ್ಲಿ ಬರುತ್ತದೆ. ‘ಉಸ್ತುವಾರಿ’ ಅಂದರೆ ಮೇಲೆ ನಿಂತು ನೋಡಿಕೊಳ್ಳುವುದು, ಕೈ ಹಾಕಿ ಮಾಡುವ ಕೆಲಸಕ್ಕೆ ಸಾಲದು. ‘ನಿಗಾ’ ಮಾನಿಟರಿಂಗ್‌ಗೆ ಹೇಳಿ ಮಾಡಿಸಿದ ಹಾಗಿದೆ, ಅದನ್ನು ಅಲ್ಲೇ ಬಳಸಿದ್ದೇನೆ.

ನನಗೆ ಹಿಡಿಸಿರುವುದು ‘ಆರೈಕೆ’. ಗಿಡದ ಆರೈಕೆ, ಬಾಣಂತಿಯ ಆರೈಕೆ ಅಂತೀವಲ್ಲ, ಕಾಯಿಲೆ ಇರಲೇಬೇಕು ಅಂತಿಲ್ಲ. ದಿನವೂ ಮಾಡಬೇಕು, ಮುಗಿಯುವುದಿಲ್ಲ. ಆದರೆ ಜೀವ ಇಲ್ಲದ ಯಂತ್ರಕ್ಕೆ ಆರೈಕೆ ಅಂದರೆ ಕಿವಿಗೆ ಹೇಗೆ ಕೇಳುತ್ತದೆ? ‘ವಾರ್ಷಿಕ ನಿರ್ವಹಣಾ ಒಪ್ಪಂದ’ ಇರುವ ಕಡೆ ‘ವಾರ್ಷಿಕ ಆರೈಕೆ ಒಪ್ಪಂದ’ ಅಂತ ಬರೆದರೆ ನಿಲ್ಲುತ್ತದಾ? ಅಥವಾ ‘ಮೇಂಟೆನೆನ್ಸ್’ ಅಂತಲೇ ಬಿಡುವುದು ಒಳ್ಳೆಯದಾ? ಈ ಕೆಲಸವನ್ನೇ ಮಾಡುತ್ತಿರುವವರು ತಮ್ಮ ತಂಡದಲ್ಲಿ ಏನು ಅಂತಾರೆ ಅನ್ನುವುದನ್ನೂ ದಯವಿಟ್ಟು ತಿಳಿಸಿ.

ನೋಟಿಸ್ ಮಟ್ಟಿಗೆ ನಾನು ಹೆಸರುಪದವನ್ನೇ ಕೈಬಿಟ್ಟಿದ್ದೇನೆ. ‘ಶನಿವಾರ ರಾತ್ರಿ 10ರಿಂದ 12ರವರೆಗೆ ಅಪ್‌ಡೇಟ್ ಹಾಕುತ್ತೇವೆ, ಆಗ ಸರ್ವರ್ ನಿಂತಿರುತ್ತದೆ’ ಅಂತ ಬರೆದೆ.