ಪುಟ್ಟಿ ಲ್ಯಾಪ್‌ಟಾಪ್: ಮನೆ ಗುಂಪಿನ ಒಂದು ಭಾನುವಾರ

ದೊಡ್ಡಪ್ಪ: [ಫೋಟೊ] ಪೇಪರಲ್ಲಿ ಬಂದಿದೆ ನೋಡಿ. ಪ್ರೊಸೆಸರ್ ರೈಜನ್ 5 7520ಯು, 4.3 ಗಿಗಾಹರ್ಟ್ಸ್, ರ‍್ಯಾಮ್ 8 ಜಿಬಿ. ಆಫರ್ ಇವತ್ತೇ ಕೊನೆಯಂತೆ. ಹೂಂ ಅಂದ್ರೆ ಸಂಜೆ ಹೋಗಿ ಪುಟ್ಟಿಗೆ ತಂದುಬಿಡ್ತೀನಿ.

ಅತ್ತೆ: ಬ್ಯಾಗ್ ಫ್ರೀ ಅಂತಿದೆ 👌

ಅಣ್ಣ: ದೊಡ್ಡಪ್ಪ, ಸ್ವಲ್ಪ ತಡೀರಿ. ನಾನು ಮೊನ್ನೆ ಕಳಿಸಿದ್ದರಲ್ಲಿ 5625ಯು ಇತ್ತಲ್ಲ, ಅದೇ ಒಳ್ಳೇದು.

ದೊಡ್ಡಪ್ಪ: ಹೇಗೆ? ಎರಡೂ ರೈಜನ್ 5. ಎರಡೂ 4.3. ಬೇಸ್ ಸ್ಪೀಡ್ ಇದರದ್ದು 2.8, ನಿಂದರದ್ದು ಬರೀ 2.3. ನಂಬರೂ ಇದರದ್ದೇ ದೊಡ್ಡದು. ಮೇಲಾಗಿ 3,000 ಕಮ್ಮಿ. ಮೂವತ್ತೈದು ವರ್ಷ ಲೆಕ್ಕ ಬರೆದವನು ಕಣೋ ನಾನು.

ಅಣ್ಣ: 4.3 ಪಕ್ಕ ಇರುವೆ ಸೈಜಲ್ಲಿ "ವರೆಗೆ" ಅಂತ ಇರತ್ತೆ ನೋಡಿ. ಬಿಸಿಯಾದ್ರೆ ತಾನೇ ಇಳಿಯತ್ತೆ. ಅದಿರಲಿ. ಗಿಗಾಹರ್ಟ್ಸ್ ಅಂದ್ರೆ ಒಳಗಿನ ಗಡಿಯಾರದ ಬಡಿತ, 1 ಗಿಗಾಹರ್ಟ್ಸ್‌ಗೆ ಸೆಕೆಂಡಿಗೆ ನೂರು ಕೋಟಿ. ಒಂದೊಂದು ಬಡಿತಕ್ಕೆ ಎಷ್ಟು ಕೆಲಸ ಆಗತ್ತೆ ಅಂತ ಜಾಹೀರಾತಲ್ಲಿ ಹಾಕಲ್ಲ. 7520 ಬಂದಿದ್ದು 2022ರಲ್ಲಿ, ಆದ್ರೆ ಒಳಗಿರೋದು 2019ರ ಝೆನ್ 2 ಅನ್ನೋ ಹಳೇ ವಿನ್ಯಾಸ. 5625ರಲ್ಲಿ ಝೆನ್ 3. ಇದಕ್ಕೆ 4 ಕೋರ್, ಅದಕ್ಕೆ 6.

ಅತ್ತೆ: ಅಂದ್ರೆ ಪಂಕ್ತೀಲಿ ಚಿಕ್ಕ ಸೌಟು ಹಿಡ್ಕೊಂಡು ಹುಳಿ ಹಾಕ್ತಾ ಓಡೋನು ಇರ್ತಾನಲ್ಲ, ಹಾಗಾ? ನೋಡೋಕೆ ಬಲು ಚುರುಕು. ದೊಡ್ಡ ಸೌಟಿನೋನು ನಿಧಾನಕ್ಕೆ ಬಂದ್ರೂ ಮೊದಲು ಮುಗಿಸಿರ್ತಾನೆ.

ಅಣ್ಣ: ಅತ್ತೆ!! ಅದೇ. ಕೋರ್ ಅಂದ್ರೆ ಬಡಿಸೋರು ಎಷ್ಟು ಜನ ಅಂತ.

ದೊಡ್ಡಪ್ಪ: ಇರೋದು ಒಂದೇ ಎಲೆ ಆದ್ರೆ ಆರು ಜನ ಏನು ಬಡಿಸ್ತಾರೆ?

ಅಣ್ಣ: ಅದು ನಿಜ. ಎಷ್ಟೋ ಕೆಲಸ ಒಂದೇ ಕೋರ್ ಮೇಲೆ ನಡೆಯತ್ತೆ. ಅಲ್ಲೇ ಸೌಟಿನ ಗಾತ್ರ ಬೇಕಾಗೋದು.

ದೊಡ್ಡಪ್ಪ: 2005ರಲ್ಲಿ ನಾನು 3 ಗಿಗಾಹರ್ಟ್ಸ್ ಪೆಂಟಿಯಂ 4 ತಂದಾಗ ಯಾರೂ ಸೌಟು ಗೀಟು ಅಂದಿರಲಿಲ್ಲ.

ಅಣ್ಣ: ಅದರ ಫ್ಯಾನ್ ಸದ್ದು ಹಿತ್ತಲಿಗೂ ಕೇಳ್ತಿತ್ತು 😄 ಅದನ್ನ ಮಾಡಿದ ಇಂಟೆಲ್‌ನವರೂ 3.8ಕ್ಕೆ ಹೋಗಿ ನಿಂತ್ರು. 4 ಗಿಗಾಹರ್ಟ್ಸ್‌ದು ತರ್ತೀವಿ ಅಂತಿದ್ದವರು 2004ರಲ್ಲೇ ಕೈಬಿಟ್ರು. ವಿಪರೀತ ಕಾವು. 2006ರಲ್ಲಿ ಕೋರ್ 2 ಡ್ಯುಯೋ ಬಂತು, ಅದರಲ್ಲಿ 1.86 ಗಿಗಾಹರ್ಟ್ಸ್‌ದೇ ನಿಮ್ಮ 3ರದ್ದನ್ನ ಹಿಂದೆ ಹಾಕ್ತಿತ್ತು.

ಅಪ್ಪ: ದೊಡ್ಡಣ್ಣ, ನಿಮ್ಮ ಆಫೀಸಿಗೆ ಅದು ಬಂದಾಗ ನೀನೇ ಹೇಳಿದ್ದೆ. ಮನೇದು ಎತ್ತಿನ ಗಾಡಿ ಅಂತ.

ದೊಡ್ಡಪ್ಪ: ನೀನು ಸುಮ್ನಿರು.

ಅಣ್ಣ: ಇನ್ನೊಂದು ಗುಟ್ಟು. ಈ 7000 ಸರಣೀಲಿ ಮೂರನೇ ಅಂಕಿ ನೋಡ್ಬೇಕು. 7520ರಲ್ಲಿ 2, ಅಂದ್ರೆ ಝೆನ್ 2. ಮೊದಲಿನ 7 ಬರೀ ಯಾವ ವರ್ಷದ ಮಾಡೆಲ್ ಅಂತ ಹೇಳತ್ತೆ.

ದೊಡ್ಡಪ್ಪ: ನಿನ್ನ 5625ರಲ್ಲೂ ಮೂರನೇ ಅಂಕಿ 2 ತಾನೆ?

ಅಣ್ಣ: ಆ ನಿಯಮ 7000ದಿಂದ ಶುರು. 5000ದ್ದಕ್ಕೆ ಲೆಕ್ಕಕ್ಕಿಲ್ಲ.

ದೊಡ್ಡಪ್ಪ: ಇದೊಳ್ಳೆ ಪಂಚಾಂಗ ಆಯ್ತಲ್ಲಪ್ಪ! ಲ್ಯಾಪ್‌ಟಾಪ್ ತಗೊಳ್ಳೋಕೆ ಜೋಯಿಸರನ್ನ ಕರ್ಕೊಂಡು ಹೋಗ್ಬೇಕಾ? ಬಿ.ಕಾಂ. ಹುಡುಗಿ. ಟ್ಯಾಲಿ, ಎಕ್ಸೆಲ್, ಅಷ್ಟೆ. ರಾಕೆಟ್ ಬಿಡ್ತಾಳಾ?

ಅಣ್ಣ: ಅಷ್ಟಕ್ಕೆ ಎರಡೂ ಸಾಕು, ಒಪ್ಪಿದೆ. ಆದ್ರೆ 7520ರ ಜೊತೆ ಬರೋ ರ‍್ಯಾಮ್ ಬೋರ್ಡಿಗೇ ಬೆಸುಗೆ. 8 ಜಿಬಿ ಅಂದ್ರೆ ಕೊನೇವರೆಗೂ 8. ನಾಲ್ಕೈದು ವರ್ಷ ಬಾಳಬೇಕಲ್ಲ.

ನಾನು: ಡಿಗ್ರಿ ಆದ್ಮೇಲೆ ಸಿ.ಎ. ಇದೆ. ಕ್ರೋಮಲ್ಲಿ ನಂಗೆ ಯಾವಾಗ್ಲೂ ಮೂವತ್ತು ಟ್ಯಾಬ್ ತೆಗೆದಿರತ್ತೆ 🙈

ದೊಡ್ಡಪ್ಪ: ಮೂವತ್ತು ಯಾಕೆ?

(ಸಂಜೆ 6:40)

ದೊಡ್ಡಪ್ಪ: [ಫೋಟೊ] ಅಂಗಡೀಲಿದ್ದೀನಿ. ನಿನ್ನ 5625 ಖಾಲಿ. 7530ಯು ತೋರಿಸ್ತಿದ್ದಾನೆ. ಮೂರನೇ ಅಂಕಿ 3. 6 ಕೋರ್. ತಳ ಬಿಚ್ಚಿ ರ‍್ಯಾಮ್ ತೋರಿಸು ಅಂದೆ, ವಾರಂಟಿ ಹೋಗತ್ತೆ ಸರ್ ಅಂದ. ಕಂಪನಿ ಸೈಟಲ್ಲಿ ಸ್ಲಾಟ್ ಇದೆ ಅಂತ ತೋರಿಸ್ದ.

ಅಣ್ಣ: ಅದೂ ಝೆನ್ 3ನೇ. ಕಣ್ಮುಚ್ಕೊಂಡು ತಗೊಳ್ಳಿ ದೊಡ್ಡಪ್ಪ.

ದೊಡ್ಡಪ್ಪ: ಬೇಸ್ 2.0 ಅಂತಿದೆ ಕಣೋ. ಮೂರರಲ್ಲಿ ಇದೇ ಕಮ್ಮಿ.

ಅಣ್ಣ: ಹೂಂ.

ದೊಡ್ಡಪ್ಪ: ಬಿಲ್ ಮಾಡಿಸ್ತಿದ್ದೀನಿ.

ಅತ್ತೆ: ಬ್ಯಾಗ್ ಕೊಟ್ರಾ?