ನಾಲ್ಕೇ ಸಾಲು ಸಾಕು

ನಮ್ಮ ಗುಂಪಿನಲ್ಲಿ ಒಬ್ಬ ಲೇಖಕನಿದ್ದಾನೆ. ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ತಾನೇ ಮಾರುವವನು. ಅದಕ್ಕೇ ಅವನನ್ನು ಸ್ವಯಂಪ್ರಕಾಶ ಎಂದು ಕರೆಯುತ್ತೇವೆ. ಅವನ ಹೊಸ ಪುಸ್ತಕಕ್ಕೆ ಲೇಖಕರ ಪರಿಚಯ ಬೇಕಾಗಿತ್ತು. ಬೆನ್ನುಡಿಯ ಕೆಳಗೆ ನಾಲ್ಕೇ ಸಾಲು. "ನನ್ನ ಬಗ್ಗೆ ನಾನೇ ಬರೆದುಕೊಂಡರೆ ಚೆನ್ನಾಗಿರಲ್ಲ, ನೀವೇ ಬರೆದುಕೊಡಿ" ಎಂದ. ಮುನ್ನುಡಿ, ಅರ್ಪಣೆ, ಮುಖಪುಟದ ಚಿತ್ರ ಎಲ್ಲವನ್ನೂ ತಾನೇ ಮಾಡಿಕೊಂಡವನಿಗೆ ಇಲ್ಲಿ ಮಾತ್ರ ಯಾಕೆ ನಾಚಿಕೆ ಬಂತೋ ಗೊತ್ತಿಲ್ಲ.

"ನಾಚಿಕೆ ಯಾಕಪ್ಪಾ?" ಎಂದರು ಮೇಷ್ಟ್ರು. "ವಾಲ್ಟ್ ವಿಟ್ಮನ್ 1855ರಲ್ಲಿ ತನ್ನ ಕವನಗಳನ್ನು ಸ್ವಂತ ಖರ್ಚಿನಲ್ಲಿ ತಂದ. ಒಂದಷ್ಟು ಅಚ್ಚಿನ ಮೊಳೆ ತಾನೇ ಜೋಡಿಸಿದ. ಆಮೇಲೆ ಹೆಸರು ಹಾಕದೆ ಪತ್ರಿಕೆಗಳಲ್ಲಿ ಹೊಗಳಿ ವಿಮರ್ಶೆಯನ್ನೂ ತಾನೇ ಬರೆದ."

"ಐದಕ್ಕೆ ಐದು ಸ್ಟಾರ್ ಕೊಟ್ಟುಕೊಳ್ಳೋದು ಆಗಿನಿಂದಲೇ ಶುರು ಅನ್ನಿ" ಎಂದ ಆಡಿಟರ್. "ಇರಲಿ, ಬರೆದುಕೊಳ್ಳಿ. ಪ್ರಸಿದ್ಧ ಪತ್ತೇದಾರಿ ಕಾದಂಬರಿಕಾರ..."

"ಪತ್ತೇದಾರಿ ಒಂದೇ ಕಣಪ್ಪಾ" ಎಂದರು ಲೈಬ್ರರಿ ಅಕ್ಕ. "ಅದಾದ ಮೇಲೆ ಬೀಗಗಳ ಇತಿಹಾಸ ಬಂತು."

"ಸರಿ, ಇತಿಹಾಸಕಾರ."

"ಆಮೇಲೆ ಜೇನು ಸಾಕಣೆ. ಮಕ್ಕಳ ಒಗಟು. ದೆವ್ವದ ಕಥೆ. ನಡುವೆ ಎಲ್ಲೋ ಕವನ. ಈಗ ಅಲ್ಪವಿರಾಮದ ಬಗ್ಗೆ 160 ಪುಟ."

"ಅಲ್ಪ ಅಂದರೆ ಇಷ್ಟಾ?" ಎಂದರು ಮೇಷ್ಟ್ರು.

ಅಕ್ಕನ ಸಂಕಟವೇ ಬೇರೆ. ಲೈಬ್ರರಿಯಲ್ಲಿ ಡ್ಯೂಯಿ ಪದ್ಧತಿ ಇರುತ್ತದಲ್ಲ, ವಿಷಯಕ್ಕೊಂದು ನಂಬರ್. ಜೇನು 638ಕ್ಕೆ ಹೋಗುತ್ತದೆ. ಒಗಟು 793ಕ್ಕೆ. ಕನ್ನಡ ಸಾಹಿತ್ಯ 894ರಲ್ಲಿ. "ಬೇರೆ ಲೇಖಕರು ಒಂದೇ ಕಪಾಟಿನಲ್ಲಿ ಸಂಸಾರ ಮಾಡುತ್ತಾರೆ. ಇವನನ್ನು ಹುಡುಕೋಕೆ ಇಡೀ ಲೈಬ್ರರಿ ಪ್ರದಕ್ಷಿಣೆ ಹಾಕಬೇಕು. ಪತ್ತೇದಾರಿ ಇಷ್ಟಪಟ್ಟ ಓದುಗರೊಬ್ಬರು ಹೆಸರು ನೋಡಿ ಜೇನಿನ ಪುಸ್ತಕ ಒಯ್ದರು. ಕೊನೆಯ ಪುಟದವರೆಗೂ ಕೊಲೆ ಯಾವಾಗ ಆಗುತ್ತದೆ ಅಂತ ಕಾದರಂತೆ, ಪಾಪ."

"ಆಗುತ್ತದಲ್ಲ!" ಎಂದ ಸ್ವಯಂಪ್ರಕಾಶ. "ರಾಣಿಯನ್ನು ಕೂಡಿದ ಕೂಡಲೇ ಗಂಡು ಜೇನು ಸಾಯುತ್ತದೆ. ಮೂರನೇ ಅಧ್ಯಾಯ. ಅವರು ಸರಿಯಾಗಿ ಓದಿಲ್ಲ."

ಇದಕ್ಕೆ ಮೇಷ್ಟ್ರ ಬಳಿ ಮದ್ದಿತ್ತು. ಕಾವ್ಯನಾಮ. ಅಗಾಥಾ ಕ್ರಿಸ್ಟಿ ಪತ್ತೇದಾರಿ ಅಲ್ಲದ ಆರು ಕಾದಂಬರಿಗಳನ್ನು ಮೇರಿ ವೆಸ್ಟ್‌ಮ್ಯಾಕಟ್ ಎಂಬ ಹೆಸರಿನಲ್ಲಿ ಬರೆದಳು. ಓದುಗರಿಗೆ ಗೊಂದಲವಿಲ್ಲ. ಪೋರ್ಚುಗಲ್ಲಿನ ಕವಿ ಪೆಸೋವಾ ಇನ್ನೂ ಮುಂದೆ ಹೋಗಿ, ಹತ್ತಾರು ಲೇಖಕರನ್ನೇ ಹುಟ್ಟಿಸಿದ. ಅವರಲ್ಲಿ ಮುಖ್ಯವಾದವರಿಗೆ ಬೇರೆ ಹುಟ್ಟು, ಬೇರೆ ಶೈಲಿ, ಜಾತಕ ಕೂಡ.

"ಎಷ್ಟು ಹೆಸರು ಬೇಕಾದರೂ ಇಟ್ಟುಕೊಳ್ಳಲಿ" ಎಂದ ಆಡಿಟರ್. "ನಷ್ಟ ಮಾತ್ರ ಒಬ್ಬನ ಲೆಕ್ಕಕ್ಕೇ ಬರೋದು."

ನಾನು ಸುಮ್ನೆ ಒಂದು ಮಾತು ಎಸೆದೆ. ಇವನಿಗೆ ಪ್ರಕಾಶಕರು ಅಂತ ಒಬ್ಬರಿದ್ದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ಪತ್ತೇದಾರಿ ಓಡಿತು, ಅದರದ್ದೇ ಇನ್ನೊಂದು ಕೊಡಿ ಎನ್ನುತ್ತಿದ್ದರು. ಇವನೂ ಹನ್ನೆರಡು ಕೊಲೆ ಮಾಡಿ ಹೆಸರು ಮಾಡುತ್ತಿದ್ದ. ಬೇಡ ಎನ್ನುವವರು ಯಾರೂ ಇಲ್ಲದಿರುವುದೇ ಇವನ ವೈವಿಧ್ಯದ ಗುಟ್ಟು.

ಸ್ವಯಂಪ್ರಕಾಶನಿಗೆ ಇದು ಚುಚ್ಚಿತು. "ಸ್ವತಂತ್ರ ಲೇಖಕ ಅಂದರೆ ಆರಾಮ ಅಂದುಕೊಂಡಿದ್ದೀರಿ. ಬರೆಯೋಕೆ ದಿನಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸಿದರೆ ಅರ್ಕಾವತ್ತು ಜಾಗ ಬಿಟ್ಟು ಧರ್ಮ, ಕರ್ಮ ಎರಡೂ ಕೆಟ್ಟಿರುತ್ತವೆ. ಅದನ್ನು ಕೂತು ತಿದ್ದಬೇಕು. ಪೇಪರ್‌ಬ್ಯಾಕಿಗೆ ಒಂದು ಐಎಸ್‌ಬಿಎನ್, ಗಟ್ಟಿ ರಟ್ಟಿಗೆ ಇನ್ನೊಂದು, ಪುಸ್ತಕದ ಗುರುತಿನ ನಂಬರ್ ಅದು. ಆಮೇಲೆ ಪಾರ್ಸಲ್ ಕಟ್ಟಬೇಕು, ವಿಳಾಸ ಬರೆಯಬೇಕು. ನಿಜ ಹೇಳಬೇಕೆಂದರೆ ನಾನು ಜೀವನದಲ್ಲಿ ಜಾಸ್ತಿ ಬರೆದಿರುವುದು ವಿಳಾಸಗಳನ್ನೇ."

"ಐಎಸ್‌ಬಿಎನ್ನಿನ 13 ಅಂಕೆಯಲ್ಲಿ ಕೊನೆಯದು ಹಿಂದಿನ ಹನ್ನೆರಡು ಸರಿ ಇವೆಯಾ ಅಂತ ನೋಡೋಕೆ ಇರುತ್ತದೆ" ಎಂದ ಆಡಿಟರ್. "ನಿನ್ನ ಪುಸ್ತಕದಲ್ಲಿ ತಪ್ಪಿಲ್ಲ ಅಂತ ಗ್ಯಾರಂಟಿ ಇರುವ ಸಾಲು ಅದೊಂದೇ."

"ಇ-ಪುಸ್ತಕ ಮಾಡಿಬಿಡೋ, ಪಾರ್ಸಲ್ ತಪ್ಪುತ್ತೆ" ಎಂದರು ಅಕ್ಕ.

"ಮಾಡಿದ್ದಾನಕ್ಕ" ಎಂದ ಆಡಿಟರ್. "ಕಿಂಡಲ್ಲಿನಲ್ಲಿ ಲೇಖಕರಿಗೆ ನೂರಕ್ಕೆ 35 ಅಥವಾ 70 ಸಿಗುತ್ತೆ. ಮೊದಲು ಆ ನೂರು ಬರಬೇಕಲ್ವಾ?"

ಮಾರಾಟದ ಮಾತು ಬಂದರೆ ಮೇಷ್ಟ್ರಿಗೆ ಅಮೆರಿಕದ ಲೇಖಕ ಥೋರೋ ನೆನಪಾಗುತ್ತಾನೆ. ಅವನ ಮೊದಲ ಪುಸ್ತಕ ಸಾವಿರ ಪ್ರತಿ ಅಚ್ಚಾಗಿತ್ತು. 1853ರಲ್ಲಿ ಪ್ರಕಾಶಕರು 706 ಪ್ರತಿಗಳನ್ನು ಗಾಡಿಯಲ್ಲಿ ತುಂಬಿ ಮನೆಗೆ ವಾಪಸ್ ಕಳಿಸಿದರು. ಥೋರೋ ಅವನ್ನು ಹೊತ್ತು ಮಹಡಿಗೆ ಸಾಗಿಸಿದ. "ಈಗ ನನ್ನ ಬಳಿ ಒಂಬೈನೂರರ ಹತ್ತಿರ ಪುಸ್ತಕಗಳಿವೆ, ಅದರಲ್ಲಿ ಏಳುನೂರಕ್ಕಿಂತ ಜಾಸ್ತಿ ನಾನೇ ಬರೆದದ್ದು" ಎಂದು ಡೈರಿಯಲ್ಲಿ ಬರೆದುಕೊಂಡ. ನಮ್ಮ ಗಳಗನಾಥರು ಹೊತ್ತದ್ದು ಮಹಡಿಗಲ್ಲ. ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಸ್ವಯಂಪ್ರಕಾಶನ ಮಂಚದ ಕೆಳಗಿನ ಪೆಟ್ಟಿಗೆಗಳ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಅಷ್ಟು ಮರ್ಯಾದೆ ನಮಗಿದೆ.

"ಬರವಣಿಗೆಗೆ ಲೆಕ್ಕ ಇರಬೇಕು" ಎಂದ ಆಡಿಟರ್. ಅವನಿಗೆ ಗೊತ್ತಿರುವ ಒಬ್ಬನೇ ಕಾದಂಬರಿಕಾರ ಆಂಥನಿ ಟ್ರಾಲಪ್. ವರ್ಷಗಟ್ಟಲೆ ಅಂಚೆ ಇಲಾಖೆಯ ಕೆಲಸ ಮಾಡುತ್ತಲೇ, ಬೆಳಗಿನ ಜಾವ ಎದ್ದು, ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಒಟ್ಟು 47 ಕಾದಂಬರಿ.

"ಕಾಲು ಗಂಟೆಗೆ 250 ಪದ ನಾನೂ ಬರೆಯುತ್ತೇನೆ" ಎಂದ ಸ್ವಯಂಪ್ರಕಾಶ. "ಅದರಲ್ಲಿ 240 ಹೊಡೆದುಹಾಕುತ್ತೇನೆ."

"ಆ 240 ಏನಾಗುತ್ತೆ?"

"ಮುಂದಿನ ಪುಸ್ತಕ."

ನಾವು ನಕ್ಕೆವು. ಅವನು ನಗಲಿಲ್ಲ. "ಪತ್ತೇದಾರಿಗೆ ಒಂದು ಬೀಗ ಒಡೆಸಬೇಕಿತ್ತು. ಓದಿದೆ. 1851ರಲ್ಲಿ ಲಂಡನ್ನಿನಲ್ಲಿ ಹಾಬ್ಸ್ ಎಂಬುವನು ಯಾರೂ ತೆರೆಯಲಾಗದ ಬ್ರಾಮಾ ಬೀಗ ತೆರೆದ. 51 ಗಂಟೆ ಹಿಡಿಯಿತು. ನನ್ನ ಕಾದಂಬರಿಯ ಕಳ್ಳನಿಗೆ ಅಷ್ಟು ಪುರುಸೊತ್ತಿಲ್ಲ. ಕಿಟಕಿಯಿಂದ ನುಗ್ಗಿಸಿದೆ. ಮಾಡಿಕೊಂಡ ಟಿಪ್ಪಣಿಗಳನ್ನು ಎಸೆಯೋಕಾಗುತ್ತಾ? ಬೀಗದ ಪುಸ್ತಕ ಆಯಿತು. ಬೀಗ ನೋಡೋಕೆ ಪಾಳು ಮನೆಗಳಿಗೆ ಹೋದೆ, ಅಲ್ಲಿ ದೆವ್ವದ ಕಥೆ ಸಿಕ್ಕಿತು. ಒಂದು ಮನೆಯ ಗೋಡೆಯಲ್ಲಿ ಜೇನು ಕಟ್ಟಿತ್ತು..."

"ಅಲ್ಪವಿರಾಮ?"

"ಇಷ್ಟೂ ಪುಸ್ತಕದ ಪ್ರೂಫ್ ತಿದ್ದಿದವನು ಯಾರು? ನಾನೇ ಅಲ್ವಾ?"

"ಕವನ?"

ಸ್ವಲ್ಪ ತಡೆದು ಹೇಳಿದ. "ಅದು ಬೀಗದ ಪುಸ್ತಕ ಮಾರಾಟವಾಗದೆ ಇದ್ದಾಗ."

ಅಕ್ಕ ಪೆನ್ನು ಕೆಳಗಿಟ್ಟರು. ಇದು ಯಾವುದೂ ಚಪಲವಲ್ಲ, ಒಂದರ ಬಾಲ ಹಿಡಿದು ಇನ್ನೊಂದು ಬಂದಿದೆ ಎಂದು ನಮಗೆ ಆಗಲೇ ಹೊಳೆದದ್ದು. ನನ್ನ ಪ್ರಕಾಶಕರ ಸಿದ್ಧಾಂತ ಅಲ್ಲಿಗೆ ಅರ್ಧ ಬಿದ್ದುಹೋಯಿತು. ಅರ್ಧ ಮಾತ್ರ. ಬೇಡ ಎನ್ನುವವರಿದ್ದರೆ ಆ ಟಿಪ್ಪಣಿಗಳು ಇವತ್ತಿಗೂ ಡ್ರಾಯರಿನಲ್ಲೇ ಇರುತ್ತಿದ್ದವು.

"ಕಾರಂತರೂ ಹಾಗೇ" ಎಂದರು ಮೇಷ್ಟ್ರು. "ಕಾದಂಬರಿ ಬರೆದರು, ಯಕ್ಷಗಾನಕ್ಕೆ ದುಡಿದರು, ವಿಜ್ಞಾನದ ಸಂಪುಟಗಳನ್ನು ಒಬ್ಬರೇ ಬರೆದರು. ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದೇ ಹೆಸರಿಟ್ಟರು."

"ಇವನಿಗೆ ಮುಖ ಇನ್ನೂ ಏಳೇ" ಎಂದ ಆಡಿಟರ್. "ಮನಸ್ಸು ಮಾತ್ರ ರೆಡಿ ಇದೆ."

ಇಷ್ಟೂ ಮಾತನ್ನು ಸೇರಿಸಿ ಬರೆದಾಗ ಪರಿಚಯ ಎರಡು ಪುಟವಾಗಿತ್ತು. ಬೆನ್ನುಡಿಯ ಕೆಳಗೆ ಹಿಡಿಯುವಂತಿರಲಿಲ್ಲ. ಒಳಗೆ ಹಾಕೋಣ ಎಂದೆ. ಆಡಿಟರ್ ಹೌಹಾರಿದ. ಒಂದು ಫಾರಂಗೆ, ಅಂದರೆ ಅಚ್ಚು ಹಾಕಿ ಮಡಚುವ ಒಂದು ದೊಡ್ಡ ಹಾಳೆಗೆ, 16 ಪುಟ. ಹತ್ತು ಫಾರಂಗೆ ಸರಿಯಾಗಿ 160. ಎರಡು ಪುಟ ಸೇರಿಸಿದರೆ ಅರ್ಧ ಫಾರಂ ಜಾಸ್ತಿ ಹೋಗುತ್ತದೆ. ಅಂದರೆ ಎಂಟು ಪುಟ. "ಆರು ಪುಟ ಖಾಲಿ ಬಿಟ್ಟು ಕಾಗದದ ದುಡ್ಡು ದಂಡ ಮಾಡುತ್ತೀಯಾ?"

ಸ್ವಯಂಪ್ರಕಾಶನ ಕಣ್ಣು ಅರಳಿತು. "ಖಾಲಿ ಯಾಕೆ ಬಿಡಬೇಕು? ಆರು ಪುಟಕ್ಕೆ ಒಂದು ದೆವ್ವದ ಕಥೆ ಕೂರುತ್ತೆ."

"ಅಲ್ಪವಿರಾಮದ ಪುಸ್ತಕದಲ್ಲಾ?"

"ದೆವ್ವ ನಿಂತು ನಿಂತು ಮಾತಾಡಿದರಾಯಿತು."

ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಎದ್ದರು. "ಬರೆದುಕೋ ಮಾರಾಯಾ. ಆದರೆ ಇದಕ್ಕೆ ನಂಬರ್ ಮಾತ್ರ ನೀನೇ ಹಾಕಿಕೊಡು."