ಲಂಡನ್‌ನಲ್ಲಿ ನಾಲ್ಕು ಜನ, ಆರು ರಾತ್ರಿ: ಎಲ್ಲಿ ಉಳಿದುಕೊಳ್ಳೋದು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಮೇ ಎರಡನೇ ವಾರ ಲಂಡನ್‌ಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, 9 ವರ್ಷದ ಮಗ, ಜೊತೆಗೆ 68 ವರ್ಷದ ಅತ್ತೆ. ಅತ್ತೆಗೆ ಮಂಡಿನೋವು. ನಡೆಯುತ್ತಾರೆ, ಆದರೆ ಮೆಟ್ಟಿಲು ಅಂದರೆ ಕಷ್ಟ. ಎಲ್ಲರೂ ಸಸ್ಯಾಹಾರಿಗಳು. ಒಂದು ರಾತ್ರಿಗೆ 180 ಪೌಂಡ್ ತನಕ ಹಾಕಬಹುದು, ತೀರಾ ಬೇಕೇ ಬೇಕು ಅಂದರೆ 200.

ಮೂರು ಆಯ್ಕೆ ನೋಡಿದ್ದೇನೆ. ಒಂದು, ಪ್ಯಾಡಿಂಗ್ಟನ್ ಹತ್ತಿರ ಹಳೇ ಮನೆಯನ್ನ ಹೋಟೆಲ್ ಮಾಡಿರೋದು. ನಾಲ್ವರಿಗೂ ಒಂದೇ ರೂಮು, 125 ಪೌಂಡ್. ಎರಡು, ನಾಲ್ಕನೇ ಜೋನ್‌ನಲ್ಲಿ, ಅಂದರೆ ಊರಿನ ನಡುಭಾಗದಿಂದ ದೂರ, ಒಂದು ಚೈನ್ ಹೋಟೆಲ್, ಎರಡು ರೂಮು ಸೇರಿ 130. ಮೂರು, ಲಂಡನ್ ಐ ಪಕ್ಕದ ಕೌಂಟಿ ಹಾಲ್ ಪ್ರೀಮಿಯರ್ ಇನ್. ಅಲ್ಲಿ ಎರಡು ರೂಮು ಅಂದರೆ 300ರ ಹತ್ತಿರ ಹೋಗುತ್ತೆ. ಯಜಮಾನರು ಮೊದಲನೇದಕ್ಕೇ ದುಡ್ಡು ಕಟ್ಟೋಣ ಅಂತಿದ್ದಾರೆ. ನೀವೇನಂತೀರಿ?

ಮಲ್ಲಿಗೆ ಮೈಸೂರು:
ಅಕ್ಕಾ, ಮೊದಲನೇದನ್ನ ದಯವಿಟ್ಟು ಬಿಟ್ಟುಬಿಡಿ. ಎರಡು ವರ್ಷದ ಹಿಂದೆ ಅಪ್ಪ ಅಮ್ಮನ ಜೊತೆ ನಾವು ಅಂಥದ್ದೇ ಒಂದು ಹೋಟೆಲ್‌ನಲ್ಲಿದ್ದೆವು. ಹೆಸರು ಬೇಡ. ಫೋಟೋದಲ್ಲಿ ಬಿಳಿ ಕಂಬ, ಕಪ್ಪು ಬಾಗಿಲು, ಹೂಕುಂಡ, ನೋಡೋಕೆ ಚೆಂದ. ವಿಕ್ಟೋರಿಯಾ ಕಾಲದ ಮನೆ, ಲಿಫ್ಟ್ ಇಲ್ಲ. ರಸ್ತೆಯಿಂದ ರಿಸೆಪ್ಷನ್‌ಗೆ ಹೋಗೋಕೇ ಐದು ಮೆಟ್ಟಿಲು, ನಮ್ಮ ರೂಮು ಮೂರನೇ ಮಹಡಿ. ಮೆಟ್ಟಿಲು ಎಷ್ಟು ಕಿರಿದು ಅಂದರೆ ತಿರುವಿನಲ್ಲಿ ಸೂಟ್‌ಕೇಸ್ ತಿರುಗುತ್ತಿರಲಿಲ್ಲ. ನಮ್ಮೆಜಮಾನರು ಅದನ್ನ ತಲೆ ಮೇಲೆ ಹೊತ್ತು ಹತ್ತಿದರು.

ಅಮ್ಮ ಪ್ರತಿ ತಿರುವಿನಲ್ಲೂ ಕಂಬಿ ಹಿಡಿದು ನಿಂತು ಉಸಿರು ತಗೊಳ್ಳುತ್ತಿದ್ದರು. ಮೂರನೇ ದಿನ ‘ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ’ ಅಂದುಬಿಟ್ಟರು. ಅಷ್ಟು ಆಸೆಯಿಂದ ಬಂದವರು ಎರಡು ಪೂರ್ತಿ ದಿನ ಕಿಟಕಿ ಪಕ್ಕ ಕೂತಿದ್ದರು. ಉಳಿಸಿದ ದುಡ್ಡು ನೆನಪಾದಾಗೆಲ್ಲ ನನಗೆ ಅದೇ ಕಣ್ಣಿಗೆ ಬರುತ್ತೆ.

ಬೆನ್ನಚೀಲ:
ಮೇಡಂ ಹೇಳಿದ್ದು ನಿಜ, ಆದರೆ ಆ ಹಳೇ ಹೋಟೆಲ್‌ಗಳೆಲ್ಲ ಕೆಟ್ಟವು ಅನ್ನೋದು ಸರಿಯಲ್ಲ. ಬ್ಲೂಮ್ಸ್‌ಬರಿಯಲ್ಲಿ ಮನೆಯವರೇ ನಡೆಸೋ ಸಣ್ಣ ಹೋಟೆಲ್‌ಗಳಿವೆ. ಬ್ರಿಟಿಷ್ ಮ್ಯೂಸಿಯಂಗೆ ನಡೆದೇ ಹೋಗಬಹುದು, ಒಳಗೆ ಟಿಕೆಟ್ ಕೂಡ ಇಲ್ಲ. ನೆಲಮಹಡಿ ರೂಮು ಬೇಕು ಅಂತ ಮೊದಲೇ ಇಮೇಲ್ ಹಾಕಿದರೆ ಕೊಡುತ್ತಾರೆ.

ನಾನು ಓದೋವಾಗ ಸ್ನೇಹಿತರ ಜೊತೆ ಹೋದದ್ದು. ವೈಎಚ್‌ಎ, ಜನರೇಟರ್, ವೊಂಬ್ಯಾಟ್ಸ್ ಥರದ ಹಾಸ್ಟೆಲ್‌ಗಳಲ್ಲಿ ಒಂದು ಹಾಸಿಗೆಗೆ 30 ಪೌಂಡ್ ಆಸುಪಾಸಿನಲ್ಲಿ ಮುಗಿಯಿತು. ವೈಎಚ್‌ಎಯಲ್ಲಿ ಇಡೀ ಕುಟುಂಬಕ್ಕೆ ಪ್ರತ್ಯೇಕ ರೂಮೂ ಸಿಗುತ್ತೆ. ಬೇಸಿಗೆ ರಜೆಯಲ್ಲಿ ಹೋಗೋರು ಯೂನಿವರ್ಸಿಟಿ ಹಾಸ್ಟೆಲ್ ಕೂಡ ನೋಡಿ. ಮಕ್ಕಳು ಊರಿಗೆ ಹೋದ ಮೇಲೆ ಆ ರೂಮುಗಳನ್ನ ಪ್ರವಾಸಿಗರಿಗೆ ಕೊಡುತ್ತಾರೆ. ಮೇ ತಿಂಗಳಿಗೆ ಮಾತ್ರ ಅದು ಆಗಲ್ಲ.

ಮಲ್ಲಿಗೆ ಮೈಸೂರು:
ನೆಲಮಹಡಿ ಕೇಳಿದರೆ ಕೊಡುತ್ತಾರೆ ಸರಿ. ನಮ್ಮ ಪಕ್ಕದ ರೂಮಿನವರಿಗೆ ಕೊಟ್ಟಿದ್ದು ನೆಲದ ಕೆಳಗಿನ ಬೇಸ್‌ಮೆಂಟ್. ಕಿಟಕಿ ತೆಗೆದರೆ ಎದುರಿಗೆ ಗೋಡೆ. ಇಮೇಲ್ ಹಾಕೋವಾಗ ‘ಬೇಸ್‌ಮೆಂಟ್ ಬೇಡ’ ಅಂತಲೂ ಬರೀರಿ. ಇನ್ನೊಂದು ಮಾತು, ಹಿರಿಯರು ಬಂಕ್ ಹಾಸಿಗೆ ಹತ್ತೋಕಾಗುತ್ತಾ ತಮ್ಮಾ?

ಮೇಷ್ಟ್ರು ಧಾರವಾಡ:
ನಾಲ್ಕನೇದೊಂದು ಆಯ್ಕೆ ಹೇಳುತ್ತೇನೆ. ಫಿಟ್ಜ್‌ರಾಯ್ ಸ್ಕ್ವೇರ್‌ನಲ್ಲಿರುವ ಇಂಡಿಯನ್ ವೈಎಂಸಿಎ. 1920ರಲ್ಲಿ ಅಲ್ಲಿನ ಭಾರತೀಯ ವಿದ್ಯಾರ್ಥಿಗಳಿಗಾಗಿ ಶುರುವಾದ ಸಂಸ್ಥೆ. 1950ರ ದಶಕದಿಂದ ಈಗಿನ ಕಟ್ಟಡದಲ್ಲಿದೆ. ನಾವು ಗಂಡ ಹೆಂಡತಿ ನಾಲ್ಕು ರಾತ್ರಿ ಅಲ್ಲಿದ್ದೆವು. ಬೆಳಗಿನ ತಿಂಡಿ, ರಾತ್ರಿ ಊಟ ಎರಡೂ ಬಾಡಿಗೆಯಲ್ಲೇ ಸೇರಿತ್ತು. ರಾತ್ರಿ ಸ್ಟೀಲ್ ತಟ್ಟೆಯಲ್ಲಿ ಅನ್ನ, ಬೇಳೆ, ಪಲ್ಯ, ಚಪಾತಿ. ದಿನವಿಡೀ ತಿರುಗಿ ಬಂದ ಮೇಲೆ ‘ಎಲ್ಲಿ ತಿನ್ನೋದು’ ಅನ್ನುವ ಚಿಂತೆಯೇ ಇರಲಿಲ್ಲ.

ರೂಮು ಸಾದಾ, ಹಾಸ್ಟೆಲ್ ಥರ. ಕೆಲವು ರೂಮುಗಳಿಗೆ ಬಾತ್‌ರೂಮ್ ಹೊರಗೆ, ಅದನ್ನ ಕೇಳಿ ತಗೊಳ್ಳಿ. ಡ್ರಮಂಡ್ ಸ್ಟ್ರೀಟ್ ಕೂಡ ಹತ್ತಿರ. ಯೂಸ್ಟನ್ ಸ್ಟೇಷನ್ ಪಕ್ಕದ ಆ ಬೀದಿಯಲ್ಲಿ ದೋಸೆ, ಭೇಲ್‌ಪುರಿ ಸಿಗುವ ಸಸ್ಯಾಹಾರಿ ಹೋಟೆಲ್‌ಗಳಿವೆ.

ನಾಲ್ಕನೇ ಜೋನ್ ಮಾತ್ರ ಬೇಡ. ವಯಸ್ಸಾದವರಿಗೆ ಮಧ್ಯಾಹ್ನ ಒಂದು ತಾಸು ಕಾಲು ಚಾಚಬೇಕು. ಹೋಟೆಲ್ ದೂರವಿದ್ದರೆ ಅದು ಆಗುವುದಿಲ್ಲ. ರೂಮು ಹತ್ತಿರವಿದ್ದದ್ದಕ್ಕೇ ನನ್ನ ಹೆಂಡತಿ ಎಲ್ಲಾ ಸಂಜೆಯೂ ಹೊರಗೆ ಬಂದಳು.

ಈಸ್ಟ್‌ಹ್ಯಾಮ್ ಕನ್ನಡಿಗ:
ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇನೆ. ಊರಿಂದ ಬಂದವರನ್ನ ಕರೆದುಕೊಂಡು ತಿರುಗಿದ ಅನುಭವದಿಂದ ಹೇಳುತ್ತೇನೆ. ಎಲ್ಲರೂ ಹೋಟೆಲ್‌ನ ಲಿಫ್ಟ್ ಕೇಳುತ್ತಾರೆ, ಸ್ಟೇಷನ್‌ನ ಲಿಫ್ಟ್ ಕೇಳೋದೇ ಇಲ್ಲ. ಟ್ಯೂಬ್‌ನ, ಅಂದರೆ ಇಲ್ಲಿನ ಸುರಂಗ ರೈಲಿನ, 272 ಸ್ಟೇಷನ್‌ಗಳಲ್ಲಿ ಮೆಟ್ಟಿಲಿಲ್ಲದೆ ಪ್ಲಾಟ್‌ಫಾರ್ಮ್ ಮುಟ್ಟಬಹುದಾದದ್ದು ಸುಮಾರು ಮೂರರಲ್ಲಿ ಒಂದು. ವಾರೆನ್ ಸ್ಟ್ರೀಟ್, ಗ್ರೇಟ್ ಪೋರ್ಟ್‌ಲ್ಯಾಂಡ್ ಸ್ಟ್ರೀಟ್, ಮೇಷ್ಟ್ರು ಹೇಳಿದ ಜಾಗಕ್ಕೆ ಹತ್ತಿರದ ಈ ಎರಡೂ ಸ್ಟೇಷನ್‌ಗಳಲ್ಲಿ ಆ ಸೌಲಭ್ಯ ಇಲ್ಲ. ರಸೆಲ್ ಸ್ಕ್ವೇರ್‌ನಲ್ಲಿ ಲಿಫ್ಟ್ ಇದೆ, ಆದರೆ ಇಳಿದ ಮೇಲೂ ಮೆಟ್ಟಿಲಿದೆ.

ಹಾಗಾಗಿ ಮೊದಲು ಸ್ಟೇಷನ್ ಹುಡುಕಿ, ಆಮೇಲೆ ಹೋಟೆಲ್. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್‌ನಲ್ಲಿ ಎಲ್ಲಾ ಸ್ಟೇಷನ್‌ಗೂ ಲಿಫ್ಟೋ ಸಮತಟ್ಟಾದ ದಾರಿಯೋ ಇದೆ. ನನ್ನ ಸಲಹೆ ಸ್ಟ್ರಾಟ್‌ಫರ್ಡ್. 2012ರ ಒಲಿಂಪಿಕ್ಸ್ ನಡೆದ ಜಾಗ. ಹೊಸ ಹೋಟೆಲ್‌ಗಳು, ಲಿಫ್ಟ್ ಇರುತ್ತೆ. ಪ್ರೀಮಿಯರ್ ಇನ್, ಟ್ರಾವೆಲಾಡ್ಜ್, ಹಾಲಿಡೇ ಇನ್ ಎಕ್ಸ್‌ಪ್ರೆಸ್ ಮೂರೂ ಇವೆ. ಮೊನ್ನೆ ಅಣ್ಣನ ಮನೆಯವರಿಗೆ ಎರಡು ರೂಮು 170 ಪೌಂಡಿಗೆ ಮಾಡಿಸಿದೆ. ಎಲಿಜಬೆತ್ ಲೈನ್‌ನಲ್ಲಿ ಟಾಟನಮ್ ಕೋರ್ಟ್ ರೋಡ್‌ಗೆ ಕಾಲು ಗಂಟೆ. ಜೂಬಿಲಿ ಲೈನ್ ಹಿಡಿದರೆ ನೇರ ವೆಸ್ಟ್‌ಮಿನ್‌ಸ್ಟರ್, ಅಲ್ಲೂ ಲಿಫ್ಟ್ ಇದೆ. ಮೇಲೆ ಬಂದರೆ ಬಿಗ್ ಬೆನ್ ಎದುರಿಗೇ. ಬಸ್ಸುಗಳಲ್ಲೂ ರ‍್ಯಾಂಪ್ ಇರುತ್ತೆ.

ಬೆನ್ನಚೀಲ:
ಹಾಗಿದ್ದರೆ ನಾಲ್ಕನೇ ಜೋನ್ ಯಾಕೆ ಬೇಡ ಸರ್? ಲೆಕ್ಕ ಹಾಕಿ ನೋಡೋಣ. ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ತಟ್ಟಿ ಹೋದರೆ ಒಂದು ದಿನಕ್ಕೆ ಇಷ್ಟೇ ಅಂತ ಮಿತಿ ಇದೆ. 1–2 ಜೋನ್‌ಗೂ 1–4 ಜೋನ್‌ಗೂ ಸುಮಾರು 4 ಪೌಂಡ್ ವ್ಯತ್ಯಾಸ. ಹುಡುಗನಿಗೆ 9 ವರ್ಷ, 11 ತುಂಬದವರಿಗೆ ದೊಡ್ಡವರ ಜೊತೆ ಟ್ಯೂಬ್ ಫ್ರೀ. ಮೂರು ಜನಕ್ಕೆ ದಿನಕ್ಕೆ 12 ಪೌಂಡ್ ಜಾಸ್ತಿ. ಸ್ಟ್ರಾಟ್‌ಫರ್ಡ್‌ನ 170ರ ಎದುರು ಅಲ್ಲಿ 130, ರೂಮಿನಲ್ಲಿ 40 ಉಳಿಯುತ್ತೆ. ಆರು ರಾತ್ರಿಗೆ 168 ಪೌಂಡ್ ಕೈಯಲ್ಲಿ ಉಳಿಯಿತಲ್ಲ. ಪೌಂಡಿಗೆ 115 ರೂಪಾಯಿ ಹಿಡಿದರೂ 19,000 ದಾಟುತ್ತೆ.

ಈಸ್ಟ್‌ಹ್ಯಾಮ್ ಕನ್ನಡಿಗ:
ಲೆಕ್ಕ ಸರಿಯಾಗಿದೆ. ಒಬ್ಬರೇ ಹೋಗೋದಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಆ ಹೋಟೆಲ್ ಸ್ಟೇಷನ್‌ನಿಂದ ಎಷ್ಟು ದೂರ, ಸ್ಟೇಷನ್‌ನಲ್ಲಿ ಲಿಫ್ಟ್ ಇದೆಯಾ ಅಂತ ನೋಡದೆ ಹೇಳೋಕಾಗಲ್ಲ. ಹೊರವಲಯದ ಹೋಟೆಲ್ ಎಷ್ಟೋ ಸಲ ಹೈವೇ ಪಕ್ಕ ಇರುತ್ತೆ. ಸ್ಟೇಷನ್ ಇಳಿದ ಮೇಲೆ ಇನ್ನೊಂದು ಬಸ್ ಹಿಡಿಯಬೇಕು. ರಾತ್ರಿ ಹತ್ತು ಗಂಟೆಗೆ ಮಳೆಯಲ್ಲಿ ಅತ್ತೆಯವರನ್ನ ಬಸ್ ಸ್ಟಾಪ್‌ನಲ್ಲಿ ನಿಲ್ಲಿಸಬೇಕಾ? ಎರಡು ದಿನ ಸುಸ್ತಾಗಿ ಟ್ಯಾಕ್ಸಿ ಹಿಡಿದರೆ ಉಳಿದದ್ದೆಲ್ಲ ಅಲ್ಲಿಗೇ ಹೋಯಿತು.

ಹಿರಿಯರ ಉಚಿತ ಪಾಸ್ ಸಿಗುತ್ತೆ ಅಂತ ಕೆಲವರು ಹೇಳುತ್ತಾರೆ. ಅದು ಇಲ್ಲಿನ ನಿವಾಸಿಗಳಿಗೆ ಮಾತ್ರ, ಪ್ರವಾಸಿಗರಿಗಲ್ಲ.

ಕೊಡಚಾದ್ರಿ:
ನನ್ನದು ಬೇರೆ ಅಭಿಪ್ರಾಯ. ಜೀವನದಲ್ಲಿ ಎಷ್ಟು ಸಲ ಲಂಡನ್‌ಗೆ ಹೋಗುತ್ತೀವಿ? ಐದು ರಾತ್ರಿ ಕಡಿಮೆಯಲ್ಲಿ ಇದ್ದು, ಕೊನೇ ಒಂದು ರಾತ್ರಿ ದೊಡ್ಡ ಹೋಟೆಲ್‌ನಲ್ಲಿ ಇರಿ. ಸೆವಾಯ್ 1889ರದು. ಕರೆಂಟ್ ದೀಪ, ಲಿಫ್ಟ್ ಇವೆಲ್ಲ ಇನ್ನೂ ಅಪರೂಪವಾಗಿದ್ದ ಕಾಲದಲ್ಲೇ ಅಲ್ಲಿದ್ದವು. ಚಿತ್ರಕಾರ ಮೊನೆ ಅಲ್ಲಿನ ರೂಮಿನಿಂದಲೇ ಥೇಮ್ಸ್ ನದಿಯ ಚಿತ್ರ ಬರೆದದ್ದು. ಬಕಿಂಗ್‌ಹ್ಯಾಮ್ ಗೇಟ್‌ನಲ್ಲಿ ತಾಜ್‌ನವರ ಹೋಟೆಲ್ ಇದೆ, ಅರಮನೆಗೆ ನಡೆದು ಹೋಗುವಷ್ಟು ಹತ್ತಿರ. ನಾವು 25ನೇ ಮದುವೆ ವಾರ್ಷಿಕೋತ್ಸವಕ್ಕೆ ಒಂದು ರಾತ್ರಿ ದೊಡ್ಡ ಹೋಟೆಲ್‌ನಲ್ಲಿದ್ದೆವು. ಬೆಳಿಗ್ಗೆ ಪರದೆ ಸರಿಸಿದಾಗ ಕಂಡ ನದಿ ಇವತ್ತಿಗೂ ಕಣ್ಣಲ್ಲಿದೆ.

ಮಲ್ಲಿಗೆ ಮೈಸೂರು:
ಇಬ್ಬರೇ ಇದ್ದಾಗ ಅದು ಚೆಂದ. ನಾಲ್ಕು ಜನ ಇದ್ದಾಗ ಮತ್ತೆ ಪ್ಯಾಕ್ ಮಾಡಿ, ಮಧ್ಯಾಹ್ನದ ಚೆಕ್-ಇನ್‌ಗೆ ಕಾದು, ಒಂದು ರಾತ್ರಿಗೆ ಅಷ್ಟು ದುಡ್ಡು ಕೊಡೋದು ಬೇಡ ಅನ್ಸುತ್ತೆ. ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್‌ನ ಮೇಲಿನ ಹೋಟೆಲ್ ಹೊರಗಿನಿಂದ ನೋಡಿದರೂ ಸಾಕು. 1873ರಲ್ಲಿ ತೆರೆದದ್ದು, 1935ರಲ್ಲಿ ಮುಚ್ಚಿ 2011ರಲ್ಲಿ ಮತ್ತೆ ತೆರೆಯಿತು. ಆ ಕೆಂಪು ಇಟ್ಟಿಗೆ, ಆ ಗಡಿಯಾರದ ಗೋಪುರ ನೋಡೋಕೆ ದುಡ್ಡೇನೂ ಕೊಡಬೇಕಿಲ್ಲ.

ಕೊಡಚಾದ್ರಿ:
ನೋಡೋದು ಬೇರೆ, ಇರೋದು ಬೇರೆ ತಂಗಿ. ಆದರೆ ಹಿರಿಯರಿದ್ದಾಗ ಹೋಟೆಲ್ ಬದಲಿಸೋದು ಕಷ್ಟ ಅನ್ನೋದನ್ನ ಒಪ್ಪುತ್ತೇನೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ಹೋಟೆಲ್ ಹೇಗೆ? ಅತ್ತೆಗೆ ಎರಡು ದಿನ ಅನ್ನ ಸಾರು ಇಲ್ಲದಿದ್ದರೆ ಆಗಲ್ಲ.

ಈಸ್ಟ್‌ಹ್ಯಾಮ್ ಕನ್ನಡಿಗ:
ಸಿಟಡೀನ್ಸ್, ಸ್ಟೇಸಿಟಿ ಥರದವು ಚೆನ್ನಾಗಿವೆ. ಒಂದೇ ಎಚ್ಚರಿಕೆ, ಒಗ್ಗರಣೆ. ಅತ್ತಿಗೆ ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸು ಹಾಕಿದ್ದೇ ತಡ, ಹೊಗೆ ಅಲಾರ್ಮ್ ಹೊಡೆದುಕೊಳ್ಳೋಕೆ ಶುರುವಾಯಿತು. ಪಕ್ಕದ ರೂಮಿನವರೆಲ್ಲ ಹೊರಗೆ ಬಂದರು. ಸಾರು ಮಾಡಿ, ಒಗ್ಗರಣೆ ಬಿಟ್ಟುಬಿಡಿ. ಮಾಮೂಲಿ ಹೋಟೆಲ್ ರೂಮಲ್ಲೂ ಕೆಟಲ್ ಇದ್ದೇ ಇರುತ್ತೆ. ಬಿಸಿನೀರು ಹಾಕಿದರೆ ಆಗೋ ಉಪ್ಪಿಟ್ಟು, ಗೊಜ್ಜವಲಕ್ಕಿ ಊರಿಂದ ತನ್ನಿ. ಸ್ಟ್ರಾಟ್‌ಫರ್ಡ್‌ನಲ್ಲಿದ್ದರೆ ಈಸ್ಟ್‌ಹ್ಯಾಮ್ ದೂರವಿಲ್ಲ. ಇಡ್ಲಿ, ದೋಸೆ, ಅನ್ನ ಸಾಂಬಾರ್ ಎಲ್ಲಾ ಸಿಗುತ್ತೆ.

ಮಲ್ಲಿಗೆ ಮೈಸೂರು:
ಬಾತ್‌ರೂಮ್ ವಿಷಯ ಯಾರೂ ಹೇಳಲಿಲ್ಲ. ಎಷ್ಟೋ ಕಡೆ ಶವರ್ ಇರೋದು ಟಬ್ ಒಳಗೆ. ಟಬ್ ಅಂಚು ಮಂಡಿಯಷ್ಟು ಎತ್ತರ, ದಾಟೋಕೆ ಹಿಡಿಕೆ ಇಲ್ಲ. ಟಬ್ ಇಲ್ಲದ, ನೆಲಮಟ್ಟದ ಶವರ್ ಇರೋ ರೂಮೇ ಬೇಕು ಅಂತ ಅತ್ತೆಯವರ ರೂಮಿಗೆ ಖಂಡಿತ ಕೇಳಿ. ನೀರಿನ ಪೈಪ್ ಇರಲ್ಲ, ಒಂದು ಚೊಂಬು ಇಟ್ಟುಕೊಳ್ಳಿ.

ಮೇಷ್ಟ್ರು ಧಾರವಾಡ:
ವೀಸಾ ಕೈಗೆ ಬರುವ ತನಕ ಕ್ಯಾನ್ಸಲ್ ಮಾಡಲಾಗದ ಅಗ್ಗದ ರೇಟಿಗೆ ಕೈ ಹಾಕಬೇಡಿ. ನಾಲ್ಕು ಪೌಂಡ್ ಹೆಚ್ಚಾದರೂ ದುಡ್ಡು ವಾಪಸ್ ಬರುವಂಥದ್ದೇ ಇರಲಿ. ಮತ್ತೆ ಮೇ ಕೊನೇ ವಾರಕ್ಕೆ ಮುಂದೆ ಹಾಕಬೇಡಿ, ಆಗ ಅಲ್ಲಿನ ಶಾಲೆಗಳಿಗೆ ರಜೆ, ರೇಟು ಏರುತ್ತದೆ. ಮಧ್ಯಾಹ್ನದ ವಿಶ್ರಾಂತಿಯ ಮಾತು ನಾನಿನ್ನೂ ಬಿಟ್ಟಿಲ್ಲ.

ತುಂಗಾತೀರ:
ಎರಡು ದಿನ ಮನೆಯಲ್ಲಿ ಇದೇ ಮಾತು. ಮಲ್ಲಿಗೆಯವರು ಅವರಮ್ಮನ ಬಗ್ಗೆ ಬರೆದದ್ದನ್ನ ಯಜಮಾನರಿಗೆ ಓದಿಸಿದೆ. ಪ್ಯಾಡಿಂಗ್ಟನ್ ರೂಮಿನ ಮಾತು ಆಮೇಲೆ ಬರಲೇ ಇಲ್ಲ. ಸ್ಟ್ರಾಟ್‌ಫರ್ಡ್‌ನಲ್ಲಿ ಎರಡು ರೂಮು, ರಾತ್ರಿಗೆ 176 ಪೌಂಡ್, ಕ್ಯಾನ್ಸಲ್ ಮಾಡಬಹುದಾದ ರೇಟಲ್ಲೇ ಬುಕ್ ಮಾಡಿದೆ. ಅತ್ತೆ ರೂಮಲ್ಲಿ ಟಬ್ ಇಲ್ಲ, ಫೋನ್ ಮಾಡಿ ಕೇಳಿಕೊಂಡೆ. ಮೇಷ್ಟ್ರೇ, ಮಧ್ಯಾಹ್ನ ಎಲ್ಲರೂ ವಾಪಸ್ ಬರೋದು, ಸಂಜೆ ಮತ್ತೆ ಹೋಗೋದು ಅಂತ ಮಾಡಿಕೊಂಡಿದ್ದೇವೆ. ಅತ್ತೆದು ಒಂದೇ ಆಸೆ, ಬಸವಣ್ಣನ ಪ್ರತಿಮೆ ನೋಡಬೇಕು. ನಡೆಯೋಕಾಗುತ್ತಾ?

ಈಸ್ಟ್‌ಹ್ಯಾಮ್ ಕನ್ನಡಿಗ:
ಆಗುತ್ತೆ ಅಕ್ಕ. ಜೂಬಿಲಿ ಲೈನ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್‌ಗೆ ಬನ್ನಿ, ಲಿಫ್ಟ್‌ನಲ್ಲಿ ಮೇಲೆ ಬಂದು ಸೇತುವೆ ದಾಟಿ. ಅಲ್ಲಿಂದ ಲ್ಯಾಂಬೆತ್ ಸೇತುವೆ ಕಡೆಗೆ ನದಿ ದಂಡೆಯಲ್ಲೇ ಕಾಲುದಾರಿ. ನಿಧಾನಕ್ಕೆ ಅರ್ಧ ಗಂಟೆ ಹಿಡಿದುಕೊಳ್ಳಿ, ನಡುವೆ ಕೂರೋಕೆ ಬೆಂಚುಗಳಿವೆ. 2015ರ ನವೆಂಬರ್‌ನಲ್ಲಿ ಅನಾವರಣವಾದ ಪ್ರತಿಮೆ. ಸಂಜೆ ಬನ್ನಿ, ಬಿಸಿಲು ಪಾರ್ಲಿಮೆಂಟ್ ಕಡೆಯಿಂದ ಬೀಳುತ್ತೆ. ಯಾವ ದಿನ ಅಂತ ಹೇಳಿ, ಕೆಲಸ ಮುಗಿಸಿ ನಾನೂ ಬರುತ್ತೇನೆ.